ಹತ್ತನೆಯ ಹಾಜರಿ

ಮೇಷ್ಟ್ರಿಗೆ ಒಂದೇ ಒಂದು ಮಗು ಕಡಿಮೆ ಬಿದ್ದಿತ್ತು. ಹತ್ತು ಮಕ್ಕಳಿಲ್ಲದ ಸರ್ಕಾರಿ ಶಾಲೆಗೆ ಬೀಗ ಎಂದು ಆದೇಶ ಬಂದಿತ್ತು, ಇದ್ದದ್ದು ಒಂಬತ್ತು. ಬೀಗ ಬಿದ್ದರೆ ಮೇಷ್ಟ್ರನ್ನು ಎಲ್ಲಿಗೋ ಎತ್ತಿ ಹಾಕುತ್ತಾರೆ. ತಾವೇ ಅಕ್ಷರ ಕಲಿತ ಶಾಲೆ, ಹದಿನೇಳು ವರ್ಷದಿಂದ ಒಬ್ಬರೇ ಎಳೆದುಕೊಂಡು ಬಂದ ಶಾಲೆ. ಮಧ್ಯಾಹ್ನಕ್ಕೆ ತಲೆ ಎಣಿಸಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು.

"ಎದುರುಗಡೆ ದರ್ಜಿ ಇದ್ದಾನಲ್ಲ ಸಾರ್," ಎಂದು ಕಸ ಗುಡಿಸುತ್ತಿದ್ದ ಆಯಾ ಪೊರಕೆ ನಿಲ್ಲಿಸಿ ಹೇಳಿದಳು. "ನಾಲ್ಕನೇ ಕ್ಲಾಸಲ್ಲಿ ಲೆಕ್ಕಕ್ಕೆ ಹೆದರಿ ಓಡಿಹೋದವನು. ಟಿ.ಸಿ. ಗಿಸಿ ಏನೂ ತಗೊಂಡಿಲ್ಲ."

ಮೇಷ್ಟ್ರು ಬೀರು ತೆಗೆದು, ಜಿರಲೆಗಳನ್ನು ಓಡಿಸಿ, ಹಳೆಯ ದಾಖಲಾತಿ ಪುಸ್ತಕ ಹುಡುಕಿದರು. ದರ್ಜಿಯ ಹೆಸರನ್ನು ಯಾರೂ ಹೊಡೆದುಹಾಕಿರಲಿಲ್ಲ.

ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದ. "ಮಗ್ಗಿ ಮಾತ್ರ ಕೇಳ್ಬಾರ್ದು," ಎಂದು ಷರತ್ತು ಹಾಕಿ, ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕುಳಿತ.

ಸಾಹೇಬರು ಬಂದವರೇ ನಮೂನೆ ತುಂಬತೊಡಗಿದರು. ಹೆಣ್ಣು ಆರು, ಗಂಡು ನಾಲ್ಕು. ವಯಸ್ಸು ಆರು, ಏಳು, ಎಂಟು, ಒಂಬತ್ತು, ಐವತ್ತೊಂದು. ಪೆನ್ನು ನಿಂತಿತು.

"ಇದೇನ್ರೀ?"

"ಟಿ.ಸಿ. ಕೊಡದೆ ಹೆಸರು ತೆಗೆಯೋ ಹಾಗಿಲ್ಲ ಸಾರ್, ರೂಲ್ಸು," ಎಂದು ಮೇಷ್ಟ್ರು ಹಳೆಯ ದಾಖಲಾತಿ ಪುಸ್ತಕ ತೆರೆದು ಮುಂದಿಟ್ಟರು. "ಟಿ.ಸಿ. ಇಲ್ದೆ ಮುಂದೆ ಎಲ್ಲಿ ಏನು ಓದಿದ್ರೂ ಲೆಕ್ಕಕ್ಕಿಲ್ಲ. ಇವತ್ತಿಗೂ ಅವನು ನಮ್ಮ ನಾಲ್ಕನೇ ಕ್ಲಾಸೇ."

"ಯೂನಿಫಾರ್ಮ್ ಎಲ್ಲಿ?"

"ಸಂಜೆ ಹೊಲ್ಕೋತೀನಿ ಸಾರ್," ಎಂದ ದರ್ಜಿ.

ರೂಲ್ಸು ಎಂಬ ಮಾತು ಕಿವಿಗೆ ಬಿದ್ದರೆ ಸಾಹೇಬರು ಕರಗಿಹೋಗುವವರು. ಒಟ್ಟು ಹತ್ತು ಎಂದು ಬರೆದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಆದರೆ ಸಾಹೇಬರು ಪುಸ್ತಕ ಮುಚ್ಚಲಿಲ್ಲ. ಇನ್ನೂ ಯಾರಾದರೂ ಉಳಿದಿರಬಹುದೆಂದು ಬೆರಳಾಡಿಸಿದರು. ದರ್ಜಿಯ ಹೆಸರಿನ ಕೆಳಗೇ ಬೆರಳು ನಿಂತಿತು.

"ಇದು ನಿಮ್ಮ ಹೆಸರಲ್ವಾ?"

ಮೇಷ್ಟ್ರು ನಕ್ಕರು. "ಹೌದು ಸಾರ್, ನಾವಿಬ್ರೂ ಒಂದೇ ಕ್ಲಾಸು. ವರ್ಷದ ಮಧ್ಯದಲ್ಲಿ ಸೋದರಮಾವ ಬಂದು ಕರ್ಕೊಂಡು ಹೋಗಿ, ಅವರೂರಿನ ಶಾಲೆಗೆ ಸೇರಿಸಿಬಿಟ್ರು..." ಮಾತು ಅರ್ಧಕ್ಕೇ ನಿಂತಿತು.

"ಟಿ.ಸಿ. ತಗೊಂಡಿದ್ರಾ?"

ಮೇಷ್ಟ್ರು ಮೆಲ್ಲಗೆ ಪುಸ್ತಕ ಮುಚ್ಚಲು ಕೈ ಹಾಕಿದರು.

ಸಾಹೇಬರು ಶಾಂತವಾಗಿ ತಿದ್ದಿದರು: ಗಂಡು ಐದು, ಒಟ್ಟು ಹನ್ನೊಂದು. ಶಾಲೆ ಮುಚ್ಚುವಂತಿಲ್ಲ. ಶಿಕ್ಷಕರು ಎಂಬ ಕಡೆ ಒಂದಿದ್ದದ್ದನ್ನು ಹೊಡೆದು ಸೊನ್ನೆ ಸುತ್ತಿದರು.

"ಸೋಮವಾರ ಹೊಸ ಮೇಷ್ಟ್ರನ್ನ ಕಳಿಸ್ತೀನಿ. ಅಲ್ಲೀವರೆಗೆ ಗಲಾಟೆ ಮಾಡದೆ ಕೂತ್ಕೊಳ್ಳಿ."

ದರ್ಜಿ ಬೆಂಚಿನಲ್ಲಿ ಜರುಗಿ ಜಾಗ ಬಿಟ್ಟ. ಮೇಷ್ಟ್ರು ಬಂದು ಕುಳಿತೊಡನೆ ಅವರ ಭುಜಕ್ಕೆ ಟೇಪು ಹಿಡಿದ.

"ನೆಟ್ಟಗೆ ಕೂತ್ಕೊಳಪ್ಪಾ. ನಿಂಗೂ ಒಂದು ಜೊತೆ ಹೊಲೀಬೇಕಲ್ಲ."