ಬ್ಯಾಟರಿ ಗಾಡಿಯ ಮೇಲೆ ಹೋದ ಸುದ್ದಿ

ನಾಗಪ್ಪ ಹೋದ ಸುದ್ದಿ ಕೊಟ್ಟೂರಿನ ನಮ್ಮ ಓಣಿಗೆ ತಿಳಿದದ್ದು ಸೋಮವಾರ ಬೆಳಿಗ್ಗೆ, ಹಾಲು ಹಾಕುವ ಹೊತ್ತಿಗೆ. ಎಂಬತ್ತೊಂದು ವರ್ಷದ ಜೀವ. ಐವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ಕೂತರೂ ಯಾರ ಮೇಲೂ ಬಿಸಿಯಾಗದ ಮನುಷ್ಯ. ರಾತ್ರಿ ಎರಡು ರೊಟ್ಟಿ ಉಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಪಕ್ಕದ ಹಾಸಿಗೆಯವರಿಗೂ ಎಚ್ಚರವಾಗದ ಹಾಗೆ ಹೋಗಿಬಿಟ್ಟಿದ್ದ.

ಅದೇ ಬೆಳಿಗ್ಗೆ ಅವನ ತಮ್ಮನ ಮಗ ಪಾಲಾಕ್ಷಪ್ಪನ ಮನೆಯ ಮುಂದೆ ಹೊಸ ಬ್ಯಾಟರಿ ಗಾಡಿಯೊಂದು ನಿಂತಿತ್ತು. ತೊಂದರೆ ಶುರುವಾದದ್ದು ಅದರಿಂದ.

ಪಾಲಾಕ್ಷಪ್ಪ ಉಜ್ಜಿನಿಯ ಹೈಸ್ಕೂಲಿನಲ್ಲಿ ಗುಮಾಸ್ತ. ದಿನವೂ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು, ಅವನ ಕಾಲುಗಳು ಕೂಡುವುದನ್ನೇ ಮರೆತಿದ್ದವು. ಓಡಾಡಲು ಕೈಗೆಟಕುವ ಒಂದು ಗಾಡಿ ಬೇಕೆಂದು ಆರು ತಿಂಗಳಿಂದ ಅಂಗಡಿ ಅಂಗಡಿ ತಿರುಗಿ, ಕೊನೆಗೆ ಗವಿಸಿದ್ದೇಶನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬ್ಯಾಟರಿ ಗಾಡಿಯ ಮುಂದೆ ನಿಂತಿದ್ದ.

"ಒಂದ್ ದಿನ ಒಯ್ರಿ ಸಾರ್, ಓಡಿಸಿ ನೋಡ್ರಿ," ಎಂದಿದ್ದ ಗವಿಸಿದ್ದೇಶ. "ಒಂದ್ ಸಲ ತುಂಬಿದ್ರ ತೊಂಬತ್ತು ಕಿಲೋಮೀಟರ್ ಹೊಕ್ಕೈತಿ. ಮನಸಿಗೆ ಬಂದ್ರ ತಗೋರಿ. ಬರ್ಲಿಲ್ಲಾಂದ್ರ ಸೋಮವಾರ ಸಂಜಿ ಆರಕ್ಕ ಒಂದ್ ಗೀರು ಬೀಳದಂಗ ತಂದು ನಿಲ್ಲಸ್ರಿ." ಆಮೇಲೆ ಚಾರ್ಜರ್ ಕೈಗೆ ಕೊಟ್ಟು, ಅದರ ಕೆಂಪು ದೀಪಕ್ಕೆ ಏನು ಅರ್ಥ, ಹಸಿರು ದೀಪಕ್ಕೆ ಏನು ಅರ್ಥ ಎಂದು ವಿವರಿಸಿದ್ದ. ಆ ಹೊತ್ತಿನಲ್ಲಿ ಪಾಲಾಕ್ಷಪ್ಪ ಗಾಡಿಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ.

ಭಾನುವಾರ ಸಂಜೆ ಮೊದಲು ಹಿಂದೆ ಕೂತವನು ನಾಗಪ್ಪನೇ. ಓಣಿಯನ್ನು ಒಂದು ಸುತ್ತು ಹಾಕಿ ಇಳಿದು, "ಸಪ್ಪಳನ ಇಲ್ಲಲ್ಲೋ ಪಾಲಾಕ್ಷಿ. ಹೋಗಿದ್ದು ಗೊತ್ತಾಗಂಗಿಲ್ಲ," ಎಂದು ನಕ್ಕಿದ್ದ. ಮರುದಿನ ತಾನೂ ಹಾಗೆಯೇ ಹೋದ.

ಮನೆಯವರು ಅತ್ತರು. ಪಾಲಾಕ್ಷಪ್ಪನಿಗೆ ಮಾತ್ರ ಅಳು ಬರಲಿಲ್ಲ. ಎದೆಯಲ್ಲಿ ಏನೋ ಕಟ್ಟಿಕೊಂಡು ನಿಂತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಯರ್ರೆಪ್ಪ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಿದ್ದ. ಊರಿನಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಯಜಮಾನನಿಗಿಂತ ಮೊದಲು ಬೆವರುವವನು ಯರ್ರೆಪ್ಪ.

"ಸ್ವಾಮಿಗಳು ನಾಲ್ಕಕ್ಕ ಮಣ್ಣು ಮಾಡ್ಬೇಕು ಅಂದಾರ," ಎಂದ ಅವನು. "ಅಷ್ಟರಾಗ ತಂಬ್ರಹಳ್ಳಿ ಶಿವಬಸಮ್ಮ ಬಂದು ಅಣ್ಣನ ಮುಖ ನೋಡ್ಬೇಕು. ಯಾರ್ ಹೊಕ್ಕೀರಿ?"

ಶಿವಬಸಮ್ಮ ನಾಗಪ್ಪನ ಒಬ್ಬಳೇ ತಂಗಿ. ಅವಳಿಗೆ ಫೋನು ಮಾಡುವ ಹಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಓಣಿಯ ಇನ್ನೊಬ್ಬ ನಾಗಪ್ಪ ತೀರಿಕೊಂಡಾಗ, ಇದೇ ಯರ್ರೆಪ್ಪ ಅವಸರದಲ್ಲಿ ಆಕೆಗೆ ಫೋನು ಮಾಡಿದ್ದ. ಆಕೆ ಎದೆ ಬಡಿದುಕೊಳ್ಳುತ್ತ ಬಂದಿಳಿದರೆ, ಅಣ್ಣ ಕಟ್ಟೆಯ ಮೇಲೆ ಮಂಡಕ್ಕಿ ಮೆಲ್ಲುತ್ತ ಕೂತಿದ್ದ. "ಯಾರು ಹೋದ್ರು, ಅಷ್ಟ್ಯಾಕ ಅಳಾಕತ್ತಿ?" ಎಂದು ಕೇಳಿದ. "ನೀನ," ಎಂದಳು ಆಕೆ. ಅವತ್ತು ನಾಗಪ್ಪ ತಂಗಿಯ ಕೈ ಹಿಡಿದು ಹೇಳಿದ್ದ: "ಇನ್ನ ಮ್ಯಾಲೆ ಫೋನ್ ನಂಬಬ್ಯಾಡ ಶಿವಿ. ನಾ ಖರೇನ ಹೋದ್ರ ಮನಿ ಮನುಷ್ಯಾನ್ನ ಕಳಸ್ತೀನಿ. ಅವನ ಬಾಯಿಂದ ಕೇಳಿದ ಮ್ಯಾಲನ ಬಾ."

ಆ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮನುಷ್ಯನೇ ಹೋಗಬೇಕಿತ್ತು.

"ನಾ ಹೊಕ್ಕೀನಿ," ಎಂದ ಪಾಲಾಕ್ಷಪ್ಪ.

"ಬಸ್ಸಿಗೆ ಹೋಗ್ರಿ," ಎಂದಳು ಹೆಂಡತಿ ಗುರುಬಸಮ್ಮ. "ಆ ಆಟಿಗಿ ಸಾಮಾನು ಇಂಥ ದಿನ ಬ್ಯಾಡ."

ಆದರೆ ಪಾಲಾಕ್ಷಪ್ಪನ ಕಣ್ಣು ಆಗಲೇ ಗಾಡಿಯ ಮೇಲೆ ಹೋಗಿತ್ತು. ಹೋಗಲು ನಲವತ್ತು ಕಿಲೋಮೀಟರಿಗೆ ಹತ್ತಿರ, ಬರಲು ಅಷ್ಟೇ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದಿಲ್ಲ ಎಂಬ ಯೋಚನೆ ಬಂತು. ಬಂದ ತಕ್ಷಣ ನಾಚಿಕೆಯಾಗಿ, ದೊಡ್ಡಪ್ಪನ ಕಡೆ ತಿರುಗಿ ಕೈ ಮುಗಿದ. ಕೈ ಮುಗಿದು, ಚಾರ್ಜರನ್ನು ಸೀಟಿನ ಕೆಳಗೆ ಹಾಕಿಕೊಂಡು ಗಾಡಿ ಹತ್ತಿದ.

ಗಾಡಿಯ ಮುಖದ ಮೇಲೆ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಐದು ಗೆರೆಗಳಿದ್ದವು. ಕೊಟ್ಟೂರು ದಾಟುವವರೆಗೆ ಐದೂ ಇದ್ದು, ಗವಿಸಿದ್ದೇಶನ ಮಾತು ಸತ್ಯವೆನಿಸಿತು. ರಸ್ತೆಯ ಏರಿನಲ್ಲಿ ಗಾಡಿ ತೇಕುವ ಎತ್ತಿನಂತಾಯಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹೈಸ್ಕೂಲು ಹುಡುಗಿಯರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕರು. ಸಪ್ಪಳವಿಲ್ಲದ್ದರಿಂದ ಎಮ್ಮೆಗಳು ದಾರಿ ಬಿಡಲಿಲ್ಲ. ಹಾರ್ನು ಹೊಡೆದರೆ ಅದು ಗುಬ್ಬಿಯಂತೆ ಚಿಂವ್ ಎಂದಿತು. ಎಮ್ಮೆಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಗರಿಬೊಮ್ಮನಹಳ್ಳಿಗೆ ಬರುವ ಹೊತ್ತಿಗೆ ಎರಡು ಗೆರೆ ಉಳಿದವು. ತಂಬ್ರಹಳ್ಳಿಯ ಮೊದಲ ಮನೆ ಕಂಡಾಗ ಒಂದೇ ಗೆರೆ, ಅದೂ ಕಣ್ಣು ಹೊಡೆಯುತ್ತಿತ್ತು.

ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ: "ಅತ್ತಿ, ಗಟ್ಟಿ ಮನಸು ಮಾಡ್ರಿ." ಸಾವಿನ ಸುದ್ದಿ ತಂದವನು ಒಳಗೆ ಹೋಗಬಾರದು, ಹೊಸ್ತಿಲ ಹೊರಗೆ ನಿಂತು ಹೇಳಬೇಕು. ಹೇಳಿದ ಮೇಲೆ ಆ ಮನೆಯಲ್ಲಿ ಒಲೆ ಆರಿಸುತ್ತಾರೆ, ಮಣ್ಣಾಗುವವರೆಗೆ ಹಚ್ಚುವುದಿಲ್ಲ. ಇದು ಅವರ ಮನೆತನದ ಪದ್ಧತಿ.

ಶಿವಬಸಮ್ಮ ಬಾಗಿಲಲ್ಲೇ ನಿಂತಿದ್ದಳು, ರಸ್ತೆ ನೋಡುತ್ತ. ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದರು. ಹೊಸ ಗಾಡಿ ನೋಡಲು ಇಷ್ಟು ಜನ ಸೇರಿದರಲ್ಲ ಎಂದು ಪಾಲಾಕ್ಷಪ್ಪನಿಗೆ ಆ ದುಃಖದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಅವನು ಬಾಯಿ ತೆರೆದ. ಆಗ ಆ ಒಂದು ಗೆರೆ ಕಣ್ಣಿಗೆ ಬಿತ್ತು. ಈಗಲೇ ಹೇಳಿದರೆ ಇವರು ಮನೆಗೆ ಬೀಗ ಹಾಕಿ, ಸಿಕ್ಕಿದ ಬಸ್ಸು ಹತ್ತುತ್ತಾರೆ. ಗಾಡಿ ಇಲ್ಲೇ ಉಳಿಯುತ್ತದೆ. ಆರಕ್ಕೆ ಗವಿಸಿದ್ದೇಶನಿಗೆ ಏನು ಹೇಳುವುದು? ಈಗ ಹತ್ತೂವರೆ. ಮೂರು ತಾಸು ಚಾರ್ಜಿಗೆ ಹಾಕಿದರೆ ಒಂದೂವರೆ. ಆಗ ಹೇಳಿ, ಅತ್ತೆಯನ್ನು ಹಿಂದೆ ಕೂಡಿಸಿಕೊಂಡು ಹೊರಟರೂ ನಾಲ್ಕರೊಳಗೆ ಮುಟ್ಟಬಹುದು.

"ಅತ್ತಿ," ಎಂದ. "ಪ್ಲಗ್ ಎಲ್ಲೈತ್ರಿ?"

ಶಿವಬಸಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಿಟಕಿ ಮಗ್ಗಲ ಐತಿ," ಎಂದಳು ಆಕೆ. "ಕೈಕಾಲ್ ತೊಳ್ಕೊಂಡು ಒಳಗ ಬಾ. ಉಣ್ಣುವಂತಿ."

ಪಾಲಾಕ್ಷಪ್ಪ ಗಾಡಿಯನ್ನು ಕಿಟಕಿಯ ಕೆಳಗೆ ನಿಲ್ಲಿಸಿ ಚಾರ್ಜರ್ ಚುಚ್ಚಿದ. ಹಸಿರು ದೀಪ ಹೊತ್ತಿತು. "ಹಸಿರು ಬಂತು. ಛಲೋ ಆತು," ಎಂದುಕೊಂಡ. ಶಿವಬಸಮ್ಮನ ಸೊಸೆ ಗಂಗಾಂಬಿಕಾ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು.

ಊಟಕ್ಕೆ ಕೂತ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಶಿವಬಸಮ್ಮ ಎದುರಿಗೆ ಕೂತು ಬಡಿಸಿದಳು.

"ಅಣ್ಣ ಹೆಂಗದಾನ?"

ಪಾಲಾಕ್ಷಪ್ಪ ರೊಟ್ಟಿಯ ಚೂರನ್ನು ಚಟ್ನಿಗೆ ಅದ್ದಿದ. "ಆರಾಮ ಮಲಗ್ಯಾನ್ರಿ ಅತ್ತಿ." ಇದು ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಉಳ್ಳಾಗಡ್ಡಿ ಹೆಚ್ಚಿದ್ದೆ," ಎಂದಳು. "ಇನ್ನೊಂದ್ ರೊಟ್ಟಿ ಹಾಕಿಸ್ಕೋ. ಮತ್ತ ಯಾವಾಗ ಉಣ್ತೀಯೋ."

ಊಟವಾಯಿತು. ಹೇಳುವ ಹೊತ್ತಿನ್ನೂ ಆಗಿರಲಿಲ್ಲ. ಪಾಲಾಕ್ಷಪ್ಪ ಕಟ್ಟೆಗೆ ಬಂದು ಕೂತ. ಪಕ್ಕದಲ್ಲಿ ಹೊನ್ನೂರಸ್ವಾಮಿ, ಅದೇ ಓಣಿಯಲ್ಲಿ ಲಗೇಜ್ ಆಟೋ ಓಡಿಸುವವನು.

"ಯಾವಾಗ ತುಂಬ್ತೈತ್ರೀ ಇದು?" ಎಂದು ಅವನು ಕೇಳಿದ.

"ಒಂದೂವರಿಗೆ."

ಹೊನ್ನೂರಸ್ವಾಮಿ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟ. "ಅಷ್ಟೊತ್ತಿಗೆ ನಾ ಕೊಟ್ಟೂರಿಗೆ ಹೋಗಿ ತಿರುಗಿ ಬರ್ತಿದ್ದೆ."

"ಅದು ಡೀಸೆಲ್ಲಿನ ಮಾತು," ಎಂದ ಪಾಲಾಕ್ಷಪ್ಪ. "ಇದ್ರಾಗ ಹೊಗಿ ಇಲ್ಲ, ಸಪ್ಪಳಿಲ್ಲ."

"ಹೊಳ್ಳಿ ಹೋಗೋ ಮಾತೂ ಇಲ್ಲ," ಎಂದ ಅತ್ತ ಕೂತಿದ್ದ ಮಾರೇಶ. "ಅಲ್ರೀ, ಇದು ಇಬ್ರನ್ನ ಎಳೀತೈತೇನು? ಅಮ್ಮಾರನ್ನ ಹಿಂದ ಕೂಡಿಸ್ಕೊಂಡ್ರ?"

ಪಾಲಾಕ್ಷಪ್ಪ ಬೆಚ್ಚಿದ. "ಅತ್ತೀನ್ನ ಯಾಕ ಕೂಡಿಸ್ಕೊಳ್ಳಲಿ?"

"ಸುಮ್ನ ಕೇಳಿದೆ," ಎಂದ ಮಾರೇಶ, ಬೇರೆ ಕಡೆ ನೋಡಿ.

ಹನ್ನೆರಡು ದಾಟಿತು. ವಿಚಿತ್ರವೆಂದರೆ ಗಾಡಿ ನೋಡಲು ಬಂದವರು ಒಬ್ಬರೂ ಏಳಲಿಲ್ಲ. ಇನ್ನಷ್ಟು ಮಂದಿ ಬಂದು ಸೇರಿದರು. ಬಂದವರೆಲ್ಲ ಮೊದಲು ಶಿವಬಸಮ್ಮನ ಕಡೆ ನೋಡಿ, ಆಮೇಲೆ ಪಾಲಾಕ್ಷಪ್ಪನ ಕಡೆ ನೋಡಿ, ಕೊನೆಗೆ ಬೇರೇನೂ ತೋಚದೆ ಗಾಡಿಯ ಸೀಟು ಮುಟ್ಟಿ, "ಮೆತ್ತಗೈತಿ," ಎನ್ನುತ್ತಿದ್ದರು. ಒಬ್ಬ ಮುದುಕ ಮಾತ್ರ ಎಲೆಯಲ್ಲಿ ಸುತ್ತಿದ ಏನನ್ನೋ ನೆರಳಿನಲ್ಲಿಟ್ಟು ಅದಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದ.

ಯರ್ರೆಪ್ಪನ ಫೋನು ಬಂತು. ಪಾಲಾಕ್ಷಪ್ಪ ಬೇವಿನ ಮರದ ಹಿಂದೆ ಹೋಗಿ ಪಿಸುಗುಟ್ಟಿದ.

"ಮುಟ್ಟಿದೇನಪ?"

"ಮುಟ್ಟೀನಿ."

"ಹೇಳಿದೇನು?"

"ಇಲ್ಲ. ಚಾರ್ಜಿಗೆ ಹಾಕೀನಿ."

"ಯಾರನ್ನ?" ಎಂದ ಯರ್ರೆಪ್ಪ.

ಪಾಲಾಕ್ಷಪ್ಪ ಫೋನು ಕಟ್ ಮಾಡಿದ.

ಒಂದೂವರೆಯಾಯಿತು. ಹಸಿರು ದೀಪ ಬೆಳಗುತ್ತಲೇ ಇತ್ತು. ಪಾಲಾಕ್ಷಪ್ಪ ಚಪ್ಪಲಿ ಮೆಟ್ಟಿ, ಪದ್ಧತಿಯ ಪ್ರಕಾರ ಹೊಸ್ತಿಲ ಹೊರಗೆ ನಿಂತ.

"ಅತ್ತಿ, ಗಟ್ಟಿ ಮನಸು ಮಾಡ್ರಿ. ದೊಡ್ಡಪ್ಪ..."

ಮುಂದಿನದು ಬರಲಿಲ್ಲ. ಬೆಳಿಗ್ಗೆಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಮ್ಮೆಲೇ ಒಡೆದು, ಮಗುವಿನಂತೆ ಅತ್ತ.

ಶಿವಬಸಮ್ಮ ಹೊಸ್ತಿಲು ದಾಟಿ ಬಂದು ಅವನ ತಲೆಯನ್ನು ಭುಜಕ್ಕೆ ಒತ್ತಿಕೊಂಡಳು. "ಸಾಕು, ಅಳಬ್ಯಾಡಪ. ನನಗ ಏಳು ಗಂಟಿಗೇ ಗೊತ್ತಾಗೈತಿ."

ಗಂಗಾಂಬಿಕಾ ತನ್ನ ಫೋನು ತೋರಿಸಿದಳು. ಬೆಳಿಗ್ಗೆ ಆರೂವರೆಗೇ ಯರ್ರೆಪ್ಪ ನಾಗಪ್ಪನ ಫೋಟೋಕ್ಕೆ ಹೂವಿನ ಚೌಕಟ್ಟು ಕಟ್ಟಿ ಸ್ಟೇಟಸ್ ಹಾಕಿದ್ದ. ಈ ಸಲ ಅದು ಬೇರೆ ನಾಗಪ್ಪ ಆಗಿರಲಿಲ್ಲ.

"ನೋಡಿದೆ. ಆದ್ರ ಅಣ್ಣ ಹೇಳಿದ್ದ, ಮನಿ ಮನುಷ್ಯಾನ ಬಾಯಿಂದ ಕೇಳಿದ ಮ್ಯಾಲನ ಬಾ ಅಂತ," ಎಂದಳು ಶಿವಬಸಮ್ಮ. "ಅವನ ಮಾತು ಮೀರಬಾರ್ದಂತ ಕುಂತೆ. ನೀ ಬಂದಿ. ಹಸದು ಬಂದಿದ್ದಿ. ಹೇಳಿಸಿಕೊಂಡ್ರ ಒಲಿ ಆರಸ್ಬೇಕು. ಅದಕ್ಕ ಮೊದ್ಲ ಉಣ್ಣಲಿ ಅಂದೆ. ಉಂಡ ಮ್ಯಾಲೂ ನೀ ಹೇಳ್ಲಿಲ್ಲ. ಹುಡುಗನ ಜೀವ ಮೆತ್ತಂದು, ಬಾಯಿ ಬರವಲ್ದು, ಯಾರೂ ಅವಸರ ಮಾಡಬ್ಯಾಡ್ರಿ ಅಂತ ಇವ್ರಿಗೆಲ್ಲ ನಾನ ಹೇಳೀನಿ."

ಹೀಗೆಂದು ಒಳಗೆ ಹೋಗಿ ಒಲೆ ಆರಿಸಿದಳು. ಕಟ್ಟೆಯ ಮೇಲಿನವರೆಲ್ಲ ಒಟ್ಟಿಗೆ ಎದ್ದು ಪಂಚೆ ಕೊಡವಿಕೊಂಡರು. ಮುದುಕ ಎಲೆ ಬಿಚ್ಚಿದರೆ ಒಳಗೆ ಬಿಲ್ವಪತ್ರೆಯ ಹಾರವಿತ್ತು. ಹೊನ್ನೂರಸ್ವಾಮಿ ಮನೆಯ ಹಿಂದಿನಿಂದ ಲಗೇಜ್ ಆಟೋ ತಂದು ನಿಲ್ಲಿಸಿದ. ಅದರಲ್ಲಿ ಒಂಬತ್ತು ಗಂಟೆಗೇ ಜಮಖಾನೆ ಹಾಸಿತ್ತು.

ಪಾಲಾಕ್ಷಪ್ಪ ಭೂಮಿ ಬಾಯಿ ಬಿಡಲೆಂದು ಕಾಯುತ್ತ ನಿಂತ. ಅದು ಬಿಡಲಿಲ್ಲ. "ನೀವು ಮುಂದ ನಡೀರಿ, ನಾ ಗಾಡಿ ಮ್ಯಾಲೆ ಬರ್ತೀನಿ," ಎಂದು ಕೀಲಿ ತಿರುಗಿಸಿದ. ಒಂದು ಗೆರೆ. ಅದೂ ಒಮ್ಮೆ ಮಿಣುಕಿ ಆರಿತು.

"ಬಾವಾರ, ತುಂಬೋವಾಗ ಅದು ಕೆಂಪು ಹತ್ಬೇಕ್ರಿ," ಎಂದಳು ಗಂಗಾಂಬಿಕಾ ಮೆಲ್ಲಗೆ. "ಹಸಿರು ಅಂದ್ರ ಕರೆಂಟು ಒಳಗ ಹೊಂಟಿಲ್ಲ ಅಂತ. ಪಿನ್ನು ಸರಿ ಕುಂತಿಲ್ಲ. ನಮ್ಮ ತವರಮನ್ಯಾಗೂ ಇಂಥದ್ದೈತಿ."

"ಮತ್ತ ಆಗ ಹೇಳಬಾರ್ದೇನವ್ವ?"

"ನೀವು ಹಸಿರು ನೋಡಿ ಛಲೋ ಆತು ಅಂದ್ರಿ. ಇಂಥ ದಿನ ನಿಮ್ಮ ಕೂಡ ಏನ್ ವಾದ ಅಂತ ಸುಮ್ಮನಾದೆ."

ನಾಲ್ಕು ಜನ ಸೇರಿ ಗಾಡಿಯನ್ನು ಆಟೋದಲ್ಲಿ ಮಲಗಿಸಿದರು. ಹದಿನಾಲ್ಕು ಮಂದಿಯ ಕಾಲುಗಳ ನಡುವೆ ಅದು ಕೊಟ್ಟೂರಿಗೆ ಬಂತು.

ಮೂರೂಕಾಲಿಗೆ ಶಿವಬಸಮ್ಮ ಅಣ್ಣನ ಮುಂದೆ ಕೂತಳು. ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, "ನೀ ಹೇಳಿದಂಗ ಮನುಷ್ಯಾನ್ನ ಕಳಿಸಿದಿ, ನಾ ಬಂದೀನಿ ನೋಡು," ಎಂದಳು. ಕಲ್ಲಿನಂಥವರ ಕಣ್ಣೂ ಒದ್ದೆಯಾದವು. ಆಮೇಲೆ ಆಕೆ ಸೇರಿದವರ ಕಡೆ ತಿರುಗಿ ಹೇಳಿದಳು: "ನಮ್ಮ ಪಾಲಾಕ್ಷಿ ಅಂಥವ ಸಿಗಂಗಿಲ್ರಿ. ನನಗೊಂದ್ ಮಾತು ಹೇಳಾಕ ಮೂರು ತಾಸು ಒದ್ದಾಡ್ಯಾನ."

ಹಿಂದೆ ನಿಂತಿದ್ದ ಹೊನ್ನೂರಸ್ವಾಮಿಗೆ ಕೆಮ್ಮು ಬಂತು. ಯರ್ರೆಪ್ಪ ಪಾಲಾಕ್ಷಪ್ಪನ ಕಡೆ ನೋಡಿದ. ಆ ನೋಟದಲ್ಲಿ ಮುಂದಿನ ಇಪ್ಪತ್ತು ವರ್ಷದ ಕಟ್ಟೆಯ ಮಾತು ಕಾಣಿಸಿತು.

ಮಣ್ಣಿಗೆ ಗವಿಸಿದ್ದೇಶನೂ ಬಂದಿದ್ದ. ಎಲ್ಲ ಮುಗಿದು ಕೈಕಾಲು ತೊಳೆದ ಮೇಲೆ, ಮನೆಯ ಮುಂದೆ ಇಳಿಸಿಟ್ಟಿದ್ದ ಗಾಡಿಯನ್ನು ಸುತ್ತು ಹಾಕಿ ನೋಡಿದ. ಎಡಬದಿಗೆ ಉದ್ದಕ್ಕೆ ಮೂರು ಗೀರು. ಸೀಟಿನ ಮೇಲೆ ಬಿಲ್ವದ ಎಲೆ, ವಿಭೂತಿಯ ಬೆರಳಚ್ಚು.

"ಹೆಂಗನಿಸ್ತ್ರಿ ಸಾರ್, ದಿನಾ ಓಡಾಡಾಕ?"

"ಏರಿಗೆ ತೇಕತೈತಿ," ಎಂದ ಪಾಲಾಕ್ಷಪ್ಪ. "ತೊಂಬತ್ತು ಅಂದಿದ್ದು ನಲವತ್ತಕ್ಕ ಮುಗೀತೈತಿ. ಹಾರ್ನಿಗೆ ಎಮ್ಮಿ ಅಂಜಂಗಿಲ್ಲ. ನನಗ ಬ್ಯಾಡಪ."

"ಅದೆಲ್ಲ ಖರೇ ಐತ್ರಿ," ಎಂದ ಗವಿಸಿದ್ದೇಶ ವಿನಯದಿಂದ. "ಆದ್ರ ಸಾವಿನ ಸುದ್ದಿ ಹೊತ್ಕೊಂಡು ಹೋಗಿ ಬಂದು, ಮೈಯೆಲ್ಲ ಗೀರಿಸ್ಕೊಂಡ ಗಾಡಿನ್ನ ನಾ ಇನ್ಯಾರಿಗೆ ತೋರಿಸ್ಲಿ? ಕಾಗದ ನಾಳೆ ಮಾಡೋಣು. ಈಗ ದುಃಖದಾಗದೀರಿ."

ಗುರುಬಸಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಕಿಟಕಿಯಿಂದ ವೈರು ಇಳಿಬಿಟ್ಟು, ಚಾರ್ಜರ್ ಚುಚ್ಚಿ, ಪಿನ್ನನ್ನು ಗಟ್ಟಿಯಾಗಿ ಒತ್ತಿದಳು. ಕೆಂಪು ದೀಪ ಹೊತ್ತಿತು.

ಈಗಲೂ ಬೆಳಿಗ್ಗೆ ಆ ಗಾಡಿ ಉಜ್ಜಿನಿಯ ಕಡೆ ಹೊರಡುತ್ತದೆ; ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಕಂಡಾಗ ನಮ್ಮ ಓಣಿಯವರು ಮೊದಲು ನಗುತ್ತಾರೆ, ಆಮೇಲೆ ನಾಗಪ್ಪನನ್ನು ನೆನೆಯುತ್ತಾರೆ.

ಶಿವನೇ, ಅವನ ದಾರಿ ದೂರದ್ದು. ಅವನು ಯಾರಿಗೂ ಸಪ್ಪಳ ಮಾಡದೆ ಬದುಕಿ, ಸಪ್ಪಳ ಮಾಡದೆ ಹೊರಟವನು. ನಡುದಾರಿಯಲ್ಲಿ ಎಲ್ಲಿಯೂ ನಿಲ್ಲದ ಹಾಗೆ, ಯಾರ ಬಾಗಿಲಲ್ಲಿಯೂ ಕಾಯದ ಹಾಗೆ, ಅವನನ್ನು ನಿನ್ನ ಪಾದಕ್ಕೆ ಮುಟ್ಟಿಸು. ಅಲ್ಲಿ ನಮ್ಮ ನಾಗಪ್ಪನಿಗೆ ಶಾಂತಿಯಿರಲಿ.