ನರಗುಂದಕ್ಕೆ ಹೊರಟ ಬ್ಯಾಟರಿ ಸೈಕಲ್ಲು

ಕೆಲವರಿಗೆ ತಪ್ಪು ಕಂಡ ಮೇಲೆ ಸಿಟ್ಟು ಬರುತ್ತದೆ. ನನಗೆ ಸಿಟ್ಟೇ ಮೊದಲು ಬರುತ್ತದೆ. ತಪ್ಪನ್ನು ಆಮೇಲೆ ಸಾವಕಾಶವಾಗಿ ಹುಡುಕಿಕೊಳ್ಳುತ್ತೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಬಹಳ ನಾಚಿಕೆಯಿಂದಲೂ ಹೇಳುತ್ತಿಲ್ಲ. ರೋಣದ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದವಳಿಗೆ ಸಿಟ್ಟು ಎಂಬುದು ಸೀಮೆಸುಣ್ಣದ ಹಾಗೆ ದಿನಾ ಬೇಕಾಗುವ ಸಾಮಾನು. ನಮ್ಮ ಯಜಮಾನರು ಇದಕ್ಕೆ ಪೂರಾ ವಿರುದ್ಧ. ಒಮ್ಮೆ ಊಟ ಮಾಡುವಾಗ ಅನ್ನದಲ್ಲಿ ಕಲ್ಲು ಸಿಕ್ಕು ಅರ್ಧ ಹಲ್ಲು ಮುರಿದರೆ, ‘ಭಾಳ ಗಟ್ಟಿ ಐತಿ ನೋಡು’ ಎಂದು ಕಲ್ಲನ್ನೇ ಹೊಗಳಿ ಎದ್ದರು. ಇಂಥವರನ್ನು ಕಟ್ಟಿಕೊಂಡವಳು ಇಬ್ಬರ ಪಾಲಿನ ಸಿಟ್ಟನ್ನೂ ಒಬ್ಬಳೇ ಮಾಡಬೇಕಾಗುತ್ತದೆ.

ಆ ವರ್ಷ ಮಾಗಿಯಲ್ಲಿ ನನ್ನ ನಾದಿನಿ ಸುನಂದಾ ಪುಣೆಯಿಂದ ಬಂದಿದ್ದಳು. ಅದಕ್ಕೂ ಮೊದಲು ಗಂಡನ ಜೊತೆ ಯಾವುದೋ ಪರದೇಶದ ಪಟ್ಟಣಕ್ಕೆ ಹೋಗಿ ಎಂಟು ದಿನ ಇದ್ದು ಬಂದಿದ್ದಳು. ಆ ಪಟ್ಟಣದಲ್ಲಿ ಸೈಕಲ್ಲಿಗೇ ಬೇರೆ ರಸ್ತೆಯಂತೆ, ಸೈಕಲ್ಲಿಗೇ ಬೇರೆ ಸಿಗ್ನಲ್ಲಂತೆ. ಇವಳು ಬ್ಯಾಟರಿಯಿಂದ ಓಡುವ ಸೈಕಲ್ಲೊಂದನ್ನು ಬಾಡಿಗೆಗೆ ಹಿಡಿದು ಊರೆಲ್ಲ ಸುತ್ತಿ, ಊರಾಚೆಯ ಹೊಲ, ಕಾಲುವೆ, ಹಳ್ಳಿಗಳನ್ನೆಲ್ಲ ನೋಡಿ ಬಂದಳಂತೆ. ಬಂದ ದಿನವೇ ಕ್ಯಾಮೆರಾದ ಬೆಂಕಿಪೆಟ್ಟಿಗೆಯಷ್ಟು ಪರದೆಯ ಮೇಲೆ ನೂರಾರು ಫೋಟೋ ತೋರಿಸಿದಳು. ಎಲ್ಲದರಲ್ಲಿಯೂ ಅವಳು, ಸೈಕಲ್ಲು, ಹಿಂದೊಂದು ಆಕಳು. ಮೊದಲ ದಿನ ನೋಡಿದೆ. ಎರಡನೆಯ ದಿನ ಸಹಿಸಿದೆ. ಮೂರನೆಯ ದಿನ ನಾನು ಒಣಗಲು ಹಾಕಿದ ಹಪ್ಪಳದ ಪಕ್ಕ ಅವಳು ಬಂದು ಕೂತು, ‘ವೈನಿ, ನಿಮ್ಮ ರೋಣದಾಗ ಅಂಥಾದ್ದೆಲ್ಲಾ ಎಲ್ಲಿ ಬರಬೇಕು ಬಿಡ್ರಿ’ ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ‘ನಿಮ್ಮ ರೋಣ’ ಅಂತೆ! ನಾನಾದರೂ ಹೊರಗಿನಿಂದ ಮದುವೆಯಾಗಿ ಬಂದವಳು. ಇವಳು ಹುಟ್ಟಿದ್ದೇ ಈ ಊರ ದವಾಖಾನೆಯಲ್ಲಿ. ‘ನಮ್ಮಲ್ಲೇನು ಹೊಲ ಇಲ್ಲೇನು, ಆಕಳಾ ಇಲ್ಲೇನು? ನಾನೂ ತಿರಗತೀನಿ. ರೋಣ, ನರಗುಂದ, ಗಜೇಂದ್ರಗಡ ಎಲ್ಲಾ ತಿರಗತೀನಿ’ ಎಂದುಬಿಟ್ಟೆ.

ಬಾಯಿಂದ ಮಾತು ಹೊರಬಿದ್ದ ಮೇಲೆ ಒಂದು ಸಂಗತಿ ಹೊಳೆಯಿತು, ಅದರಿಂದ ಇನ್ನಷ್ಟು ಸಿಟ್ಟು ಬಂತು. ಈ ಮೂರು ಊರುಗಳ ನಡುವೆ ಅರ್ಧ ಆಯುಷ್ಯ ಕಳೆದಿದ್ದೇನೆ, ಆದರೆ ಎಲ್ಲಿಗೂ ನಾನಾಗಿ ಹೋದದ್ದಿಲ್ಲ. ಹೋದರೆ ಬಸ್ಸು, ಇಲ್ಲದಿದ್ದರೆ ಯಜಮಾನರ ಸ್ಕೂಟರಿನ ಹಿಂದಿನ ಸೀಟು. ಇಪ್ಪತ್ತೆರಡು ವರ್ಷ ನಾನು ಕಂಡ ಸೀಮೆಯೆಂದರೆ ಅವರ ಬೆನ್ನು ಮತ್ತು ಅಂಗಿಯ ಕಾಲರು. ನಡುವೆ ಎಲ್ಲಿಯಾದರೂ ನಿಲ್ಲಿಸಿ ಎಂದರೆ, ‘ನಿಂತು ಏನ್ ನೋಡೂದೈತಿ?’ ಎನ್ನುತ್ತಿದ್ದರು. ಏನು ನೋಡುವುದಿದೆ ಎಂಬುದು ನಿಂತರೆ ತಾನೆ ತಿಳಿಯುವುದು!

ಬ್ಯಾಟರಿ ಗಾಡಿಗಳು ಆಗ ನಮ್ಮ ಕಡೆ ಹೊಸದಾಗಿ ಬಂದಿದ್ದವು. ಮರುದಿನವೇ ಗದಗಿಗೆ ಹೋಗಿ ಹಸಿರು ಬಣ್ಣದ ಬ್ಯಾಟರಿ ಸೈಕಲ್ಲೊಂದನ್ನು ತಂದೆ. ಲೈಸೆನ್ಸು ಬೇಡ, ಪೆಟ್ರೋಲು ಬೇಡ. ಪೆಡಲೂ ಇತ್ತು, ಆದರೆ ಅದು ಸುಮ್ಮನೆ ಕಾಲಿಡಲು ಎಂದು ಅಂಗಡಿಯವನು ನಕ್ಕ. ‘ಒಮ್ಮೆ ಚಾರ್ಜ್ ಮಾಡಿದ್ರ ಅರವತ್ತು ಕಿಲೋಮೀಟರ್ ಎಲ್ಲೂ ಹೋಗೂದಿಲ್ರಿ ಮೇಡಂ’ ಎಂದ. ಅದರ ಖರೇ ಅರ್ಥ ನನಗೆ ಆಮೇಲೆ ತಿಳಿಯಿತು. ಯಜಮಾನರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ನಡಬರಕ ಬ್ಯಾಟರಿ ಮುಗದ್ರ?’ ಎಂದು ಕೇಳಿದರು. ‘ಸಿಟ್ಟಿನ ಮ್ಯಾಲೆ ಓಡಸ್ತೀನಿ’ ಎಂದೆ. ‘ಹಂಗಾರ ಗಜೇಂದ್ರಗಡಾನೂ ದಾಟತಿ ಬಿಡು’ ಎಂದು ಒಳಗೆ ಹೋದರು.

ಎರಡು ದಿನ ರೋಣದಲ್ಲಿಯೇ ರೂಢಿ ಮಾಡಿದೆ. ನಮ್ಮ ಊರಿನಲ್ಲಿ ಸಿಗ್ನಲ್ಲೇ ಇಲ್ಲ, ಆದ್ದರಿಂದ ಸೈಕಲ್ಲಿನವರು ನಿಲ್ಲಬೇಕಾದ ಪ್ರಸಂಗವೂ ಇಲ್ಲ. ಇದಕ್ಕಿಂತ ಸೈಕಲ್ಲಿಗೆ ಅನುಕೂಲವಾದ ಊರು ಯಾವುದಿದ್ದೀತು ಎಂದುಕೊಂಡಿದ್ದೆ. ಆದರೆ ನನ್ನ ಗಾಡಿಗೆ ಸಪ್ಪಳವೇ ಇರಲಿಲ್ಲ. ಹಿಂದಿನಿಂದ ಗಾಡಿ ಬಂದದ್ದು ಮನುಷ್ಯರಿಗೂ ತಿಳಿಯದು, ಎಮ್ಮೆಗೂ ತಿಳಿಯದು. ಸಂತೆಯ ಹತ್ತಿರ ಬದನೆಕಾಯಿ ಆರಿಸುತ್ತಿದ್ದ ಮುದುಕರೊಬ್ಬರು ನಾನು ಪಕ್ಕದಲ್ಲಿ ಹಾದದ್ದಕ್ಕೆ ಬೆಚ್ಚಿ, ‘ಕಳ್ಳರಂಗ ಯಾಕ ಬರತೀಯವಾ!’ ಎಂದು ಬೈದರು. ಬೈಯುವುದರಲ್ಲಿ ನಾನೇನು ಕಡಿಮೆಯೆ? ನಾವಿಬ್ಬರೂ ಬೈದಾಡಿ ಮುಗಿಸುವುದರೊಳಗೆ ಸುತ್ತ ಜನ ನೆರೆದರು. ಯಾರಿಗೂ ನಮ್ಮ ಜಗಳ ಬೇಕಿರಲಿಲ್ಲ. ‘ಅಕ್ಕೋರ, ಎಷ್ಟ ಕಿಲೋಮೀಟರ ಕೊಡತೈತ್ರಿ?’ ಎಂದು ಒಬ್ಬ, ‘ಮಳಿಯಾಗ ಶಾಕ್ ಹೊಡಿಯೂದಿಲ್ಲೇನ್ರಿ?’ ಎಂದು ಮತ್ತೊಬ್ಬ. ಕಿರಾಣಿ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಒಂದೇ ಪ್ರಶ್ನೆಗೆ ಹದಿನೇಳು ಸಲ ಉತ್ತರ ಹೇಳಿದ್ದೆ. ಕೊನೆಯವನಿಗೆ ‘ನೂರಾ ಎಂಬತ್ತು’ ಎಂದೆ. ಅವನು ನಂಬಿದ. ನಂಬಿದನಲ್ಲ ಎಂದು ಅವನ ಮೇಲೂ ಸಿಟ್ಟು ಬಂತು.

ರವಿವಾರ ಮುಂಜಾನೆ ಬುತ್ತಿ ಕಟ್ಟಿಕೊಂಡು ಬೆಳವಣಕಿಯ ದಾರಿ ಹಿಡಿದು ನರಗುಂದಕ್ಕೆ ಹೊರಟೆ. ಸುಳ್ಳು ಏಕೆ ಹೇಳಲಿ, ಮೊದಲ ಒಂದು ತಾಸು ನನಗೆ ಯಾರ ಮೇಲೆಯೂ ಸಿಟ್ಟು ಇರಲಿಲ್ಲ. ಎರಡೂ ಕಡೆ ಕಪ್ಪು ಎರೆಯ ಹೊಲ. ಕಡಲೆ ಹೂ ಬಿಟ್ಟಿತ್ತು, ಕುಸುಬಿ ಮುಳ್ಳು ಕಟ್ಟಿತ್ತು. ಹೊಲದಲ್ಲಿದ್ದವರು ಕೈಯೆತ್ತಿದರೆ ನಾನೂ ಕೈಯೆತ್ತಿದೆ. ಬೇಕೆಂದಲ್ಲಿ ನಿಂತೆ. ಒಂದು ಬಾರೆ ಗಿಡದ ಕೆಳಗೆ ಕಾರಣವೇ ಇಲ್ಲದೆ ಅರ್ಧ ಗಳಿಗೆ ನಿಂತು ಹಣ್ಣು ತಿಂದೆ. ಯಾರೂ ಏನು ನೋಡುವುದಿದೆ ಎಂದು ಕೇಳಲಿಲ್ಲ. ಮೂಡಗಾಳಿ ಬೆನ್ನಿಗಿತ್ತು. ಗಾಳಿ ನೂಕುತ್ತಿದ್ದುದನ್ನು ನಾನು ಬ್ಯಾಟರಿಯ ಶಕ್ತಿ ಎಂದು ತಿಳಿದಿದ್ದೆ. ನರಗುಂದದ ಗುಡ್ಡ ದೂರದಲ್ಲಿ ನೀಲಿಯಾಗಿ ಕಾಣತೊಡಗಿತು. ಕಂಡಿತೆಂದು ಖುಷಿಪಡುವುದರೊಳಗೆ ಗಾಡಿ ಒಂದು ಸಲ ಹೂಂ ಎಂದು ನಿಂತಿತು. ಬೆಳವಣಕಿ ದಾಟಿ ಬಹಳ ದೂರವೂ ಆಗಿರಲಿಲ್ಲ. ಅರವತ್ತರ ಮಾತು ಹಾಗಿರಲಿ, ಮೂವತ್ತೂ ಆಗಿರಲಿಲ್ಲ.

ಪೆಡಲು ತುಳಿದೆ. ಬ್ಯಾಟರಿ ಸೈಕಲ್ಲನ್ನು ಸೀರೆಯುಟ್ಟುಕೊಂಡು ತುಳಿಯುವುದೆಂದರೆ ಬೀರುವಿನ ಮೇಲೆ ಕೂತು ಬೀರುವನ್ನೇ ನಡೆಸಿದ ಹಾಗೆ. ಇಳಿದು ನೂಕಿದೆ. ನೂಕುತ್ತ ಅಂಗಡಿಯವನನ್ನು ಬೈದೆ, ಸುನಂದಾಳನ್ನು ಬೈದೆ, ಆ ಪರದೇಶದ ಪಟ್ಟಣವನ್ನೂ ಅಲ್ಲಿಯ ಆಕಳುಗಳನ್ನೂ ಬೈದೆ. ಕೊನೆಗೆ ಒಂದು ಸಣ್ಣ ಹಳ್ಳಿ ಸಿಕ್ಕಿತು, ಹೆಸರು ಬೇಡ. ಊರ ಬಾಯಿಗೇ ಒಂದು ಹಿಟ್ಟಿನ ಗಿರಣಿ, ಮುಂದೆ ಹದಿನಾಲ್ಕು ಹೆಂಗಸರು ಜೋಳದ ಚೀಲ, ಡಬ್ಬಿಗಳನ್ನು ಇಟ್ಟುಕೊಂಡು ಕೂತಿದ್ದರು. ಗಿರಣಿ ಎಂದರೆ ಕರೆಂಟು ಎಂದುಕೊಂಡು ಚಾರ್ಜರು ಹಿಡಿದು ನೆಟ್ಟಗೆ ಒಳಗೆ ಹೋಗಿ, ಅದರ ಮಾಲೀಕರಾದ ಹುಸೇನಸಾಬರನ್ನು, ‘ಈ ವೈರ ಎಲ್ಲೆ ಹಚ್ಚಲ್ರಿ?’ ಎಂದು ಕೇಳಿದೆ. ಹೊರಗಿದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಗಂಗವ್ವ ಎಂಬ ಗಟ್ಟಿ ಗಂಟಲಿನ ಹೆಂಗಸು, ‘ಕರೆಂಟ ಇದ್ದಿದ್ರ ನಾವ್ಯಾಕ ಹಿಂಗ ಕುಂದರತಿದ್ವಿ ಯಕ್ಕಾ?’ ಎಂದಳು.

ಊರಿನ ಟ್ರಾನ್ಸ್‌ಫಾರ್ಮರು, ಅವರ ಬಾಯಲ್ಲಿ ಟೀಸಿ, ಸುಟ್ಟು ಎಂಟು ದಿನವಾಗಿತ್ತಂತೆ. ಹಿಟ್ಟಿಲ್ಲ, ನಳದಲ್ಲಿ ನೀರಿಲ್ಲ. ಹೇಳಿಕಳಿಸಿದಾಗಲೆಲ್ಲ ‘ನಾಳಿ’ ಎಂಬ ಉತ್ತರ. ‘ಇವತ್ತರ ಬರತೈತೇನೋ ಅಂತ ದಿನಾ ಚೀಲಾ ಹೊತಗೊಂಡ ಬರತೀವ್ರಿ, ಸಂಜಿಕೆ ಹೊತಗೊಂಡ ಹೋಗತೀವ್ರಿ’ ಎಂದರು ಹುಸೇನಸಾಬರ ಹೆಂಡತಿ ಖತೀಜಾಬಿ. ನಾನು ನನ್ನ ಗಾಡಿಯನ್ನು ನೋಡಿದೆ, ಅವರ ಚೀಲಗಳನ್ನು ನೋಡಿದೆ. ‘ಎಂಟ ದಿನಾ ಸುಮ್ಮನ ಕುಂತೀರೇನು! ಏಳ್ರಿ ಮ್ಯಾಲೆ!’ ಎಂದು ಕೂಗಿದೆ. ಮೂರನೆಯ ತರಗತಿಗೆ ಕೂಗುವ ದನಿಯಲ್ಲೇ ಕೂಗಿದ್ದರಿಂದ ಎಲ್ಲರೂ ಎದ್ದು ನಿಂತರು. ಎದ್ದು ನಿಂತ ಮೇಲೆ ಏನಾದರೂ ಮಾಡಲೇಬೇಕಲ್ಲ! ಹುಸೇನಸಾಬರು ತಮ್ಮ ಟ್ರ್ಯಾಕ್ಟರು ಹೊರತೆಗೆದರು. ಚೀಲ ಸಮೇತ ಎಲ್ಲರೂ ಟ್ರೇಲರು ಹತ್ತಿದೆವು.

ಕರೆಂಟಿನ ಕಚೇರಿ ಯಾವ ಊರಿನದೆಂದೂ ಹೇಳುವುದಿಲ್ಲ. ಅಲ್ಲಿ ಒಬ್ಬರೇ ಸಾಹೇಬರು ಟೀವಿಯಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದರು. ಮಾಗಿಯ ಚಳಿಯಲ್ಲೂ ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆ ಫ್ಯಾನು ನೋಡಿ ನನ್ನ ತಲೆ ಪೂರಾ ಕೆಟ್ಟಿತು.

‘ಇವತ್ತ ರವಿವಾರ ರೀ. ನಾಳಿ ಬರ್ರಿ’ ಎಂದರು ಸಾಹೇಬರು.

‘ರವಿವಾರ ಹೊಟ್ಟಿಗೂ ಸೂಟಿ ಐತೇನ್ರಿ?’

‘ನೀವ್ಯಾರ್ರಿ? ಆ ಊರವ್ರೇನು?’

‘ನಾ ರೋಣದಾಕಿ.’

‘ಮತ್ತ ನಿಮಗೇನು ಸಂಬಂಧ?’

ಹದಿನಾಲ್ಕು ಜನ ಹೆಂಗಸರು ನನ್ನ ಮುಖ ನೋಡಿದರು. ಖರೇ ಹೇಳಬೇಕೆಂದರೆ ನನ್ನ ಸಂಬಂಧವೆಲ್ಲ ಗಿರಣಿಯ ಗೋಡೆಗೆ ಆನಿಸಿ ನಿಲ್ಲಿಸಿದ ಹಸಿರು ಸೈಕಲ್ಲಿನ ಜೊತೆಗಿತ್ತು. ‘ಸಂಬಂಧ ಕೇಳಾಕ ಇದೇನು ಕನ್ಯಾ ನೋಡೂ ಕಾರ್ಯಕ್ರಮೇನ್ರಿ!’ ಎಂದು ಗುಡುಗಿದೆ. ಕಿಟಕಿಯಾಚೆ ಬೇವಿನ ಗಿಡದ ನೆರಳಲ್ಲಿ ಒಂದು ಟೀಸಿ ಆರಾಮಾಗಿ ಕೂತದ್ದು ಕಾಣಿಸಿತು. ‘ಅದೇನದು?’ ಎಂದೆ.

‘ಅದು ಬ್ಯಾರೆ ಊರಿಗೆ ಮಂಜೂರಾಗೇತ್ರಿ.’

‘ಆ ಊರಿನ ಟೀಸಿ ಯಾವಾಗ ಸುಟ್ಟೈತಿ?’

ಸಾಹೇಬರು ಫೈಲು ತಿರುವಿ ನೋಡಿ, ‘ಇನ್ನೂ ಸುಟ್ಟಿಲ್ರಿ’ ಎಂದರು.

ನಾನು ಮುಂದಿನ ಹತ್ತು ನಿಮಿಷ ಏನೇನು ಅಂದೆನೋ ನನಗೇ ನೆನಪಿಲ್ಲ. ನನ್ನ ಮಾತು ಮುಗಿಯುತ್ತಲೇ ಗಂಗವ್ವ ಮುಂದೆ ಬಂದು, ಸಾಹೇಬರ ಮೇಜಿನ ಮೇಲೆ ತನ್ನ ಡಬ್ಬಿಯ ಜೋಳವನ್ನೆಲ್ಲ ಸುರಿದಳು. ‘ನೀವ ಬೀಸಿ ಕೊಡ್ರಿ ಸಾಹೇಬ್ರ. ಸಣ್ಣಗ ಬೀಸ್ರಿ, ನಮ್ಮತ್ತಿಗೆ ಹಲ್ಲಿಲ್ಲ’ ಎಂದಳು. ಹಿಂದಿದ್ದವರೂ ತಂತಮ್ಮ ಚೀಲದ ಬಾಯಿ ಬಿಚ್ಚತೊಡಗಿದರು. ಜೋಳ ಫೈಲಿನೊಳಗೆ ಹೋಯಿತು, ಮೇಜಿನ ಖಾನೆಯೊಳಗೆ ಹೋಯಿತು, ಚಹದ ಕಪ್ಪಿನೊಳಗೂ ಹೋಯಿತು. ಸಾಹೇಬರು ಫೋನೆತ್ತಿಕೊಂಡರು.

ಮಧ್ಯಾಹ್ನ ನಾಲ್ಕಕ್ಕೆ ಊರಿಗೆ ಕರೆಂಟು ಬಂತು. ಗಿರಣಿ ಶುರುವಾದಾಗ ಹೆಂಗಸರು ಕೂಗಿದ ಕೂಗಿಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿಗಳೂ ಎದ್ದು ಓಡಿದವು. ಖತೀಜಾಬಿ ಮೊದಲ ಹಿಟ್ಟಿನಲ್ಲಿಯೇ ಬಿಸಿ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಮೊಸರು ಹಚ್ಚಿ ನನ್ನ ಮುಂದಿಟ್ಟರು. ‘ಗುರುತಿಲ್ಲ ಪರಿಚಯಿಲ್ಲ, ನಮ್ಮ ಸಲುವಾಗಿ ಇಷ್ಟ ಬಡದಾಡಿದ್ರಿ ಅಕ್ಕೋರ’ ಎಂದು ಕೈಹಿಡಿದರು. ನಾನು ರೊಟ್ಟಿ ಮುರಿಯುತ್ತ, ‘ಅಯ್ಯ, ಅದರಾಗೇನೈತ್ರಿ’ ಎಂದೆ. ಗಾಡಿ ಚಾರ್ಜಿಗೆ ಹಚ್ಚಿ ಎಂದು ಕೇಳಲು ಈಗ ಬಾಯಿ ಬರಲಿಲ್ಲ. ಅವರೇ ನೆನಪಿಸಿದಾಗ, ‘ಮೊದಲ ನಿಮ್ಮ ಹಿಟ್ಟಾಗಲಿ’ ಎಂದು ದೊಡ್ಡವಳಾದೆ. ಹೇಗಿದ್ದರೂ ಅದು ಪೂರಾ ತುಂಬಲು ಎಂಟು ತಾಸು ಬೇಕಿತ್ತು. ಸಂಜೆಗೆ ಮುಂಚೆ ಹುಸೇನಸಾಬರೇ ನನ್ನನ್ನೂ ಸೈಕಲ್ಲನ್ನೂ ಟ್ರೇಲರಿನಲ್ಲಿ ಹೇರಿಕೊಂಡು ರೋಣಕ್ಕೆ ಬಂದು ಬಿಟ್ಟುಹೋದರು. ಸುನಂದಾ ಎಲ್ಲ ಕೇಳಿ, ‘ನನಗ ಅಲ್ಲೆ ಎಂಟ ದಿನದಾಗ ಒಬ್ರೂ ಬಾ ಕುಂದರು ಅನ್ನಲಿಲ್ರಿ ವೈನಿ’ ಎಂದು ಸಪ್ಪಗಾದಳು. ಅವಳು ಹಾಗೆ ಸಪ್ಪಗಾದದ್ದರಿಂದ ನಾನು ಕೂಡಿಟ್ಟಿದ್ದ ಸಿಟ್ಟೆಲ್ಲ ದಂಡವಾಯಿತು.

ಹದಿನೈದು ದಿನ ಬಿಟ್ಟು ಮತ್ತೆ ಹೊರಟೆ. ಈ ಸಲ ಶನಿವಾರ ಮಧ್ಯಾಹ್ನವೇ ಹೋಗಿ ಗಿರಣಿಯಲ್ಲಿ ಗಾಡಿ ಚಾರ್ಜಿಗೆ ಹಚ್ಚಿ, ಖತೀಜಾಬಿಯವರ ಮನೆಯಲ್ಲಿ ಉಳಿದು, ಬೆಳಿಗ್ಗೆ ನರಗುಂದ ಮುಟ್ಟಿದೆ. ಗುಡ್ಡ ಹತ್ತಿ, ಮೇಲೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತೆ. ಕೆಳಗೆ ಕಪ್ಪು ಹೊಲಗಳ ನಡುವೆ ನಾನು ಬಂದ ದಾರಿ ಕಾಣುತ್ತಿತ್ತು.

ನನ್ನ ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಚೇರಿಯ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಿ, ಹೊಳೆಮಣ್ಣೂರಿನ ತನಕ ಹೋಗಿತ್ತು. ಒಂದು ದಿನ ಗಜೇಂದ್ರಗಡದ ಕಡೆಯ ಊರಿನಿಂದ ರುಮಾಲು ಸುತ್ತಿದ ಇಬ್ಬರು ಹಿರಿಯರು ಮನೆಗೆ ಬಂದರು. ‘ತಿಂಗಳಾತ್ರಿ, ನಮ್ಮೂರಾಗ ನಳಾ ಬಂದಿಲ್ಲ. ಅಕ್ಕೋರು ಬಂದು ಒಂದೀಟು ಸಿಟ್ಟಾಗಬೇಕ್ರಿ’ ಎಂದು ಕೈಮುಗಿದರು. ನನ್ನ ಸಿಟ್ಟಿಗೆ ಹುಟ್ಟಿದಾರಭ್ಯ ಸಿಕ್ಕ ಮೊದಲ ಮರ್ಯಾದೆ. ಯಜಮಾನರು ಅವರಿಗೆ ತಾವೇ ಚಹಾ ಮಾಡಿಕೊಟ್ಟರು. ನಾನು ಇದ್ದುದರಲ್ಲಿ ಚಲೋ ಸೀರೆ ಉಟ್ಟು, ಸೈಕಲ್ಲಿಗೆ ಅಷ್ಟು ದೂರ ಆಗದೆಂದು ಬಸ್ಸಿನಲ್ಲಿಯೇ ಅವರೊಡನೆ ಹೊರಟೆ.

ನೀರಿನ ಕಚೇರಿಯ ಅಧಿಕಾರಿಗೂ ಸುದ್ದಿ ಮುಟ್ಟಿತ್ತೇನೋ, ನಾನು ಬಾಗಿಲಲ್ಲಿ ಕಾಣಿಸುತ್ತಲೇ ಎದ್ದು ನಿಂತು ಕೈಮುಗಿದ. ‘ಬರ್ರಿ ಅಕ್ಕೋರ, ಕುಂದರ್ರಿ’ ಎಂದು ಕುರ್ಚಿ ಒರೆಸಿ ಕೊಟ್ಟ. ತಪ್ಪೆಲ್ಲ ತಮ್ಮದೇ ಎಂದ. ಬಸ್ಸಿನಲ್ಲಿ ತ್ರಾಸಾಯಿತೇ ಎಂದು ಕೇಳಿದ. ಸಿಟ್ಟನ್ನು ಎಷ್ಟು ಕರೆದರೂ ಅದು ಬರಲಿಲ್ಲ. ನಳ ಬಾರದ್ದು ನನ್ನ ಮನೆಗಲ್ಲವಲ್ಲ! ‘ದಯಮಾಡಿ ನೋಡ್ರಿ, ಸಾವಕಾಶ ಆದ್ರೂ ಅಡ್ಡಿಯಿಲ್ಲ’ ಎಂಬ ಮಾತು ನನ್ನ ಬಾಯಿಂದಲೇ ಬಂತು. ಒಂದು ಅರ್ಜಿ ಬರೆದುಕೊಟ್ಟು, ಅವನ ಚಹಾ ಕುಡಿದು ಹೊರಗೆ ಬಂದೆ.

ಇಬ್ಬರು ಹಿರಿಯರೂ ನನ್ನ ಹಿಂದೆ ಬರುತ್ತ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ‘ಇವ್ರಲ್ಲೋ ಮಾರಾಯಾ, ನಾವು ತಪ್ಪಿ ಕರಕೊಂಡ ಬಂದೇವಿ. ಆ ಅಕ್ಕೋರು ಬ್ಯಾರೆ ಇರಬೇಕು’ ಎಂದ ಒಬ್ಬ. ‘ಹೌದೇಳು. ಇವ್ರು ಪಾಪ, ಭಾಳ ಸಂಭಾವಿತ್ರು’ ಎಂದ ಇನ್ನೊಬ್ಬ.

ನೆತ್ತಿಯಿಂದ ಅಂಗಾಲಿನವರೆಗೂ ಉರಿ ಹತ್ತಿತು. ಧಡಧಡನೆ ತಿರುಗಿ ಹೋದೆ. ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು, ಅಧಿಕಾರಿ ಊಟಕ್ಕೆ ಹೋಗಿದ್ದ. ಆ ಬೀಗದ ಮುಂದೆ ನಿಂತು, ಒಳಗೆ ಆಡಬೇಕಾಗಿದ್ದ ಮಾತುಗಳನ್ನೆಲ್ಲ ಒಂದೂ ಬಿಡದೆ ಆಡಿ ಮುಗಿಸಿದೆ. ಬಹಳ ಚೆನ್ನಾಗಿ ಬೈದೆ. ಹಿಂತಿರುಗಿ ನೋಡಿದರೆ ಹಿರಿಯರಿಬ್ಬರೂ ಊರಿನ ಬಸ್ಸು ಹತ್ತಿ ಹೋಗಿಯಾಗಿತ್ತು.