ನೆರಳಿಗೆ ಸರಿಸಿದ ಬಾಟಲಿ

ಅಂದು ಬುಧವಾರ. ಶಾಲೆ ಆಗಷ್ಟೇ ಶುರುವಾಗಿತ್ತು. ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಜವಾನ ಬಂದು, ‘ಸರ್ರ, ಸೊಲ್ಲಾಪುರದಿಂದ ಫೋನ್ ಬಂದದ್ರಿ’ ಎಂದ. ಅಲ್ಲಿಯ ಆಸ್ಪತ್ರೆಯಲ್ಲಿ ತಾಯಿಯೊಡನೆ ಇದ್ದ ನನ್ನ ಮಗಳು, ಹೃದಯದ ಆಪರೇಷನ್ನಿನ ದಿನ ಬರುವ ಮೊದಲೇ ಹೋಗಿಬಿಟ್ಟಿದ್ದಳು.

ಮಾತಾಡಿಸಲು ಬಂದವರು ಅಳುತ್ತ ಕೂತು, ಅವಳ ಬಾಟಲಿ ನೆನಪಾಗಿ ನಕ್ಕು, ನಕ್ಕಿದ್ದಕ್ಕೆ ನಾಚಿ ಎದ್ದು ಹೋಗುತ್ತಿದ್ದರು. ತಪ್ಪು ಅವರದಲ್ಲ. ಆ ಬೇಸಿಗೆ ನಮ್ಮ ಅಫಜಲಪುರದ ಮನೆಯಲ್ಲಿ ಆ ಬಾಟಲಿಯಿಂದಾಗಿ ನಗು ಬರಿಸುವಂಥವು ಒಂದಲ್ಲ ಒಂದು ನಡೆಯುತ್ತಲೇ ಇದ್ದವು.

ಬಿಸಿಲಿನ ಜಾಗ

ಮಗಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ನೀರಿಗೆ ಹಿಟ್ಟಿಗಿಂತ ನುಣ್ಣಗಿನ ಒಂದು ಬಿಳಿ ಪುಡಿ, ತುಸು ಸ್ಪಿರಿಟ್ ಸೇರಿಸಿ ಬೆಳಕಿಗಿಟ್ಟರೆ ಹೈಡ್ರೋಜನ್ ಗುಳ್ಳೆ ಬರುತ್ತದೆ. ಲ್ಯಾಬಿನ ದೀಪಕ್ಕೆ ಬಂದಿತ್ತು. ನಮ್ಮೂರಿನ ಬಿಸಿಲಿಗೂ ಬರುವುದೋ ಎಂದು ಆಪರೇಷನ್ನಿಗೆ ಮೊದಲು ನೋಡಿಬಿಡಬೇಕೆಂಬ ಹಟ ಅವಳದು.

ಮಾಳಿಗೆಯ ಮೇಲೆ ಬಿಸಿಲಿಗಿಟ್ಟ ಬಾಟಲಿ ಮಧ್ಯಾಹ್ನ ನೋಡಿದರೆ ಒದ್ದೆ ಬಟ್ಟೆ ಸುತ್ತಿಕೊಂಡು ನೆರಳಿನಲ್ಲಿರುತ್ತಿತ್ತು. ಒಂದು ದಿನ ಪಕ್ಕದ ಮನೆಯ ಕಾಕು ಸಿಕ್ಕಿಬಿದ್ದರು.

‘ಇಂಥ ಬಿಸಲಾಗ ನೀರು ಇಟ್ರ ಯಾರ್ ಕುಡೀತಾರ ಬೇ? ನಾನಽ ದಿನಾ ನೆರಳಿಗೆ ಇಡಾಕತ್ತೇನಿ.’

ಬಾಟಲಿಯಿದ್ದ ಜಾಗದಲ್ಲಿ ಅವರ ಸಂಡಿಗೆ ಒಣಗುತ್ತಿದ್ದವು.

‘ಜಾಗಾ ಮಾತ್ರ ಭಾಳ ಚಲೋ ಹುಡುಕಿದಿ ನೋಡು!’ ಎಂದರು.

ಕೂತಲ್ಲೇ ಕೆಲಸ

ಆಮೇಲೆ ಮಗಳು ಕಾಕುವನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು: ‘ಈ ಪುಡಿ ತಾ ಏನೂ ಖರ್ಚಾಗಂಗಿಲ್ಲ ಕಾಕು. ಸುಮ್ಮ ಕುಂತು ನೀರಿನ ಕಡಿಂದ ಕೆಲಸ ಮಾಡಸ್ತದ.’

‘ನಮ್ಮ ಅತ್ತಿ ಇದ್ದಂಗ ಅನ್ನು.’

ಗೋಡೆಯಾಚೆಯಿಂದ ಅವರ ಅತ್ತೆ ಕೂಗಿದರು: ‘ಕೇಳಸ್ತದ ನನಗ!’

ಅಂದಿನಿಂದ ಬಾಟಲಿಗೆ ಕಾಕು ಕಾವಲು. ಘತ್ತರಗಿಯ ದೇವಿ ಗುಡಿಗೆ ಹೋಗಿ ಬಂದಾಗ ಅದಕ್ಕೆ ಅಲ್ಲಿಯ ಕುಂಕುಮವನ್ನೂ ದಪ್ಪಗೆ ಬಳಿದರು. ಬೆಳಕು ಬೀಳಲೆಂದು ಅದನ್ನು ಒರೆಸಬೇಕಲ್ಲ! ಕಾಕು ಎಮ್ಮೆ ಹಿಂಡಲು ಹೋಗುವವರೆಗೆ ನಮ್ಮ ವಿಜ್ಞಾನಿ ಕಾದು ಕೂತಳು.

ಹತ್ತಿ

ಬಿರಡೆ ಸೋರುವುದನ್ನು ಮೇಣ ಹಚ್ಚಿ ನಿಲ್ಲಿಸುವ ಹೊತ್ತಿಗೆ ಜೂನ್ ಬಂತು. ನಾಡಿದ್ದು ಬೆಳಿಗ್ಗೆ ಸೊಲ್ಲಾಪುರಕ್ಕೆ ಹೊರಡಬೇಕು. ಅಂದು ಬಿಸಿಲು ಜೋರಾಗಿತ್ತು. ಸಂಜೆಗೆ ಬಾಟಲಿಗೆ ಜೋಡಿಸಿದ್ದ ಗಾಜಿನ ನಳಿಗೆಯಲ್ಲಿ ಗಾಳಿಯಂಥದ್ದೇನೋ ತುಂಬಿತು.

‘ಕಡ್ಡಿ ಗೀರಿ ಹಿಡಿದ್ರ ಟಪ್ ಅಂತದಪ್ಪಾ. ಅಂದ್ರನಽ ಅದು ಹೈಡ್ರೋಜನ್. ಆ ಸಪ್ಪಳ ಒಮ್ಮೆ ಕೇಳಿದ್ರ ಸಾಕು ನನಗ,’ ಎಂದಳು.

ಸಪ್ಪಳ ಎಂದದ್ದೇ ತಪ್ಪಾಯಿತು. ಕಾಕು ಎಮ್ಮೆಯನ್ನು ಓಣಿಯ ಆ ತುದಿಗೆ ಕಟ್ಟಿ, ಹತ್ತಿ ಹಿಡಿದುಕೊಂಡು ಬಂದರು. ತಮ್ಮ ಕಿವಿಗೆ, ಅತ್ತೆಯ ಕಿವಿಗೆ, ನನ್ನ ಹೆಂಡತಿಯ ಕಿವಿಗೆ, ನನ್ನ ಕಿವಿಗೆ ತುರುಕಿದರು. ಮಗಳು ಬೇಡವೆಂದರೂ ಬಿಡಲಿಲ್ಲ.

‘ಮೊದಲಽ ನಿನ್ನ ಎದಿ ನಾಜೂಕು ಅದ ನನ್ನವ್ವಾ. ಬೆದರಿ ಗಿದರೀದಿ!’

ಕಡ್ಡಿ ಗೀರಿ ನಳಿಗೆಯ ಬಾಯಿಗೆ ಹಿಡಿದೆ.

ಸ್ವಲ್ಪ ಹೊತ್ತಾದ ಮೇಲೆ ಕಾಕು ಓಣಿಗೆಲ್ಲ ಕೇಳುವಂತೆ ಕೂಗಿದರು: ‘ಆತೇನ್ರಿ ಮಾಸ್ತರ್ರ?’

‘ಏನ್ರಿ?’ ಎಂದು ನಾನೂ ಕೂಗಿದೆ.

‘ಏನಂತಾರ ಅವ್ರು?’ ಎಂದು ಅತ್ತೆ ಕೂಗಿದರು.

ನಳಿಗೆ ಖಾಲಿಯಾಗಿತ್ತು. ಟಪ್ ಎಂದಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮಗಳು ನಕ್ಕು ನಕ್ಕು, ಎದೆ ಹಿಡಿದುಕೊಂಡು ಮಾಳಿಗೆಯ ಮೇಲೇ ಕೂತುಬಿಟ್ಟಳು. ಕಿವಿಯ ಹತ್ತಿ ತೆಗೆದು ಕಾಕುವಿನ ಕೈಗಿಟ್ಟು, ‘ಇರ್ಲಿ ಬಿಡ್ರಿ ಕಾಕು. ನಾಳೆ ಒಂದಿನ ಅದ ಅಲ್ಲಾ, ಮತ್ತ ತುಂಬಸ್ತೇನಿ,’ ಎಂದಳು.

ಮರುದಿನ ಬೆಳಗಿನಿಂದ ಸಂಜೆಯವರೆಗೆ ಮಿರಗದ ಮಳೆಯ ಮೋಡ ಕವಿದಿತ್ತು.